ದುಪಟ್ಟಾ ಕಟ್ಟಿದ ಸ್ಟೀರಿಂಗ್

ಜರ್ಮನಿ ಸಾಫ್ಟ್‌ವೇರ್‌ನವರಿಗೆ ಕೊಡುತ್ತಿದ್ದ ಗ್ರೀನ್ ಕಾರ್ಡ್ ಮೇಲೆ ಇಲ್ಲಿಗೆ ಬಂದವರೆಲ್ಲ ಶನಿವಾರ ಭಾನುವಾರ ನಿದ್ದೆ ಮಾಡುತ್ತಿದ್ದರು, ಇಲ್ಲವೇ ಪ್ಯಾರಿಸ್ ನೋಡಿಕೊಂಡು ಬರುತ್ತಿದ್ದರು. ನನ್ನ ಗಂಡ ಮಾತ್ರ ನ್ಯೂರೆಂಬರ್ಗ್ ಹೊರಗಿನ ರೈತನೊಬ್ಬನ ಕೊಟ್ಟಿಗೆಯಲ್ಲಿ ಹಾಟ್ ರಾಡ್ ಎಂಬ ಓಟದ ಕಾರು ಕಟ್ಟುತ್ತಿದ್ದರು. ಗುಜರಿಯಿಂದ ತಂದ ಹಳೇ ಕಾರಿನ ಮೈ, ತಾವೇ ಬೆಸುಗೆ ಹಾಕಿದ ಚಾಸಿ, ಅದಕ್ಕೆ ಮೀರಿದ ಎಂಜಿನ್. ವಾಹನ ತಪಾಸಣೆ ಪಾಸಾದ ಕೂಡಲೇ ನನ್ನನ್ನೂ ನಾಲ್ಕು ವರ್ಷದ ಮಗಳನ್ನೂ ಕೂರಿಸಿಕೊಂಡು ವೇಗದ ಮಿತಿಯಿಲ್ಲದ ಹೆದ್ದಾರಿ ಆಟೋಬಾನ್‌ಗೆ ಇಳಿಯಬೇಕೆಂಬುದು ಇವರ ಆಸೆ. ನನಗೋ ಆ ಕಾರು ಕಂಡರೇ ಭಯ. ಸಾಫ್ಟ್‌ವೇರ್ ಬರೆಯುವ ಕೈ ಹಾಕಿದ ಬೆಸುಗೆ ನಂಬಿ ಮಗುವನ್ನು ಕೂರಿಸುವುದು ಹೇಗೆ?

ಮಗಳಿಗೆ ಆ ಭಯವಿರಲಿಲ್ಲ. ಒಂದು ಶನಿವಾರ ನಾನು ಸಾಮಾನು ತರಲು ಹೋದಾಗ ಅಪ್ಪನ ಜೊತೆ ಕೊಟ್ಟಿಗೆಯಲ್ಲೇ ಇದ್ದಳು. ಸಂಜೆ ಊಟದ ತಟ್ಟೆಯನ್ನೇ ಸ್ಟೀರಿಂಗ್ ಮಾಡಿಕೊಂಡು, ‘ಶ್ನೆಲ್, ಶ್ನೆಲ್’ ಎಂದು ಜರ್ಮನ್‌ನಲ್ಲಿ ಅವಸರ ಮಾಡುತ್ತಿದ್ದಳು. ನಕ್ಕು ಅನ್ನ ತಿನ್ನಿಸಿದೆ.

ಮರುದಿನ ಕೊಟ್ಟಿಗೆಯಲ್ಲಿ ಇವರು ನನ್ನನ್ನು ಡ್ರೈವರ್ ಸೀಟಿನಲ್ಲಿ ಕೂರಿಸಿದರು. ಮಗಳು ಅಂಗಳದಲ್ಲಿ ರೈತನ ಹೆಂಡತಿಯ ಜೊತೆ ಕೋಳಿಗಳಿಗೆ ಕಾಳು ಹಾಕುತ್ತಿದ್ದಳು. ಮುಂದಿನ ಸ್ಪ್ರಿಂಗ್ ಬಿಚ್ಚಿ, ಕಾರನ್ನು ಸ್ಟ್ಯಾಂಡ್ ಮೇಲೆ ನಿಲ್ಲಿಸಿ, ಇವರು ಕೆಳಗೆ ಮಲಗಿ ಜಾಕ್‌ನಿಂದ ಚಕ್ರವನ್ನಷ್ಟೇ ಮೇಲೆ ಕೆಳಗೆ ಆಡಿಸುತ್ತಿದ್ದರು. ಗುಂಡಿ ಹಾಯುವಾಗ ಚಕ್ರ ಹೀಗೇ ಏರಿಳಿಯುತ್ತದಂತೆ, ಆಗಲೂ ನೆಟ್ಟಗೇ ಇರಬೇಕಂತೆ. ನನ್ನ ಕೆಲಸ ಸ್ಟೀರಿಂಗ್ ಅಲುಗದಂತೆ ಹಿಡಿಯುವುದು. ಸ್ಟ್ಯಾಂಡ್ ಜಾರಿದರೆ ಇವರ ಗತಿಯೇನು ಎಂದು ಜೀವ ಬಾಯಿಗೆ ಬಂದಿತ್ತು. ಉಸಿರನ್ನೂ ಮೆಲ್ಲಗೆ ಬಿಡುತ್ತಿದ್ದೆ.

“ಅಲ್ಲಾಡಿಸ್ಬೇಡ ಕಣೇ.”

“ನಾನೆಲ್ಲಿ ಅಲ್ಲಾಡಿಸ್ತಿದೀನಿ ರೀ?”

“ಮತ್ತೆ ಚಕ್ರ ಯಾಕೆ ಪಕ್ಕಕ್ಕೆ ತಿರುಗ್ತಿದೆ? ಸ್ವಲ್ಪ ಕಾನ್ಸನ್‌ಟ್ರೇಟ್ ಮಾಡು.”

ಮತ್ತೆ ಮತ್ತೆ ಬೈಸಿಕೊಂಡೆ. ಹೆದರಿದ ಕೈ, ನಡುಗಿರಬಹುದು ಎಂದು ನನಗೇ ಅನುಮಾನ ಬಂತು. ಆಮೇಲೆ ಸಿಟ್ಟು ನೆತ್ತಿಗೇರಿತು. ದುಪಟ್ಟಾ ತೆಗೆದು ಸ್ಟೀರಿಂಗನ್ನು ಎರಡೂ ಕಡೆಯಿಂದ ಸೀಟಿನ ಕಂಬಿಗೆ ಬಿಗಿದು ಕಟ್ಟಿ ಕೆಳಗಿಳಿದೆ.

“ಈಗ ಆಡ್ಸಿ ನೋಡಿ. ಕುಣೀಲಾರ್ದೋರು ನೆಲ ಡೊಂಕು ಅಂದ್ರಂತೆ.”

ಇವರು ಜಾಕ್ ಎತ್ತಿದರು. ಕಟ್ಟಿದ ಸ್ಟೀರಿಂಗ್ ಕಟ್ಟಿದಂತೆಯೇ ಇತ್ತು. ಚಕ್ರ ಮಾತ್ರ ಏರುತ್ತಾ ಏರುತ್ತಾ ತಾನಾಗಿ ಒಳಕ್ಕೆ ತಿರುಗಿತು, ಇಳಿಸಿದರೆ ಹೊರಕ್ಕೆ.

ಇವರು ಎದ್ದು ಕೈ ಒರೆಸಿಕೊಂಡರು. ಸ್ಟೀರಿಂಗ್‌ನಿಂದ ಚಕ್ರಕ್ಕೆ ಹೋಗುವ ಸಲಾಕೆಯನ್ನು ತಪ್ಪು ಜಾಗದಲ್ಲಿ ಕೂರಿಸಿದ್ದರು. ವೇಗದಲ್ಲಿ ಗುಂಡಿ ಸಿಕ್ಕರೆ ಕಾರು ಪಕ್ಕಕ್ಕೆ ಎಳೆಯುತ್ತೆ, ಹಿಡಿದರೂ ನಿಲ್ಲಲ್ಲ ಎಂದರು.

“ಸದ್ಯ, ಓಡಿಸೋಕೆ ಮುಂಚೆ ಗೊತ್ತಾಯ್ತಲ್ಲ,” ಎಂದೆ.

ಇವರು ಅಂಗಳದಲ್ಲಿದ್ದ ಮಗಳ ಕಡೆಯೇ ನೋಡುತ್ತಿದ್ದರು.

“ನಿನ್ನೆ ಇದೇ ಕಾರಲ್ಲಿ ಹೊಲದ ದಾರೀಲಿ ಒಂದು ರೌಂಡ್ ಹೋಗಿದ್ವಿ,” ಎಂದರು. “ಇನ್ನೂ ಫಾಸ್ಟ್ ಹೋಗು ಅಂತ ಹಟ ಮಾಡಿದ್ಲು.”

ಅಂಗಳಕ್ಕೆ ಓಡಿ ಅವಳನ್ನು ಬಾಚಿ ಎತ್ತಿಕೊಂಡೆ. ಕೈಯಲ್ಲಿದ್ದ ಕಾಳೆಲ್ಲ ಚೆಲ್ಲಿತೆಂದು ಅವಳು ಅತ್ತಳು, ಒದ್ದಳು. ನಾನು ಕೆಳಗಿಳಿಸಲಿಲ್ಲ.