ಗುಮ್ಮಟದ ಸೀನು

ಒಣಹಾಕಿದ ಮೆಣಸಿನಕಾಯಿಯ ಘಾಟಿಗೆ ನನಗೆ ಒಂದು ಸೀನು ಬಂತು. ಮರುಕ್ಷಣವೇ ನನ್ನ ತಲೆಯ ಮೇಲೆ ಇನ್ನಾರೋ ದಪ್ಪ ದನಿಯಲ್ಲಿ ಸೀನಿದರು. ನಾನು ಹೊರಗೆ ಓಡಿದೆ.

ತಿಕೋಟಾದ ಅತ್ತೆಯ ಮನೆಯ ಹಿಂದಿನ ಪಾಳು ಗುಮ್ಮಟದೊಳಗೆ ನಿಂತು, ಮರುದಿನ ವಿಜಾಪುರದ ಕಾಲೇಜಿನಲ್ಲಿ ಮಾಡಬೇಕಿದ್ದ ನನ್ನ ಮೊದಲ ಪಾಠವನ್ನು ಗಟ್ಟಿಯಾಗಿ ಹೇಳಿಕೊಳ್ಳುತ್ತಿದ್ದೆ. ಪಾಠ ಗಾಥಿಕ್ ಕಾದಂಬರಿಯದು: ಪಾಳು ಕೋಟೆ, ಅಪಶಕುನ, ಯಾರದೆಂದು ತಿಳಿಯದ ದನಿ. ಪಾಳು ಕಟ್ಟಡಗಳಲ್ಲೇ ಆಡಿ ಬೆಳೆದ ನಮ್ಮ ಹುಡುಗಿಯರಿಗೆ ಆ ಭಯವನ್ನು ಹೇಗೆ ಮುಟ್ಟಿಸುವುದೆಂಬುದೇ ನನ್ನ ಚಿಂತೆಯಾಗಿತ್ತು.

ಬಾಗಿಲಲ್ಲಿ ಮೆಣಸಿನಕಾಯಿ ತಿರುವುತ್ತಿದ್ದ ಅತ್ತೆ ನಕ್ಕರು. "ಎರಡ ಸೀನಿದಿ, ಛಲೋ ಆತು. ಒಂಟಿ ಸೀನಾಗಿದ್ರ ನಾಳಿ ಕೆಲಸ ಕೆಡತಿತ್ತು."

"ಅತ್ತಿ, ನಾ ಸೀನಿದ್ದು ಒಂದ."

"ಹಂಗಾರ ಇನ್ನೊಂದು ಯಾರದು?"

"ಗುಮ್ಮಟದ್ದು."

"ಯಾರರ ಸೀನಲಿ ಬೇ ಹುಚ್ಚಿ, ಎರಡಾತಿಲ್ಲೋ?"

ಕಣ್ಣಲ್ಲಿ ನೀರು ಬರುವಷ್ಟು ಇಬ್ಬರೂ ನಕ್ಕೆವು. ಹತ್ತು ಸಲ ಹೊಕ್ಕು ಬಂದ ಗುಮ್ಮಟದಲ್ಲೇ, ನನ್ನದೇ ಸೀನಿನ ಮಾರ್ದನಿಗೆ ನಾನು ಬೆಚ್ಚಿದ್ದೆನೆಂಬುದು ಆಮೇಲೆ ಹೊಳೆಯಿತು.

ಮರುದಿನ ಬೆಳಿಗ್ಗೆ ತರಗತಿಯಲ್ಲಿ ಕೋಟೆಯ ವರ್ಣನೆಯನ್ನು ಬದಿಗಿಟ್ಟು, ನಿಮ್ಮದೇ ದನಿಗೆ ಎಂದಾದರೂ ಹೆದರಿದ್ದೀರಾ ಎಂದು ಕೇಳಿದೆ. ಬಬಲೇಶ್ವರದ ಹುಡುಗಿಯೊಬ್ಬಳು ನಗುತ್ತ ಕೈ ಎತ್ತಿದಳು. ಪಾಠವನ್ನು ಅವಳಿಂದಲೇ ಶುರುಮಾಡಿಸಿದೆ.