ತಪ್ಪು ವೇದಿಕೆಯಲ್ಲಿ ನನ್ನ ಮೊದಲ ಭಾಷಣ

ಗೆಳೆಯರೇ, ಇವತ್ತು ನಾಪೋಕ್ಲಿನಲ್ಲಿ ನಾನು ಮೊಟ್ಟಮೊದಲ ಸಲ ಭಾಷಣ ಮಾಡಿದೆ. ನಾಲ್ಕು ಜನರೆದುರು ನಿಂತರೆ ನಾಲಗೆ ಒಣಗುವ ಮನುಷ್ಯ ನಾನು. ಆದರೂ, ಕೊಡಗು ಮೈಸೂರು ರಾಜ್ಯಕ್ಕೆ ಸೇರಬೇಕು ಎನ್ನುವವರ ಸಭೆಯಲ್ಲಿ ಮಾತಾಡಲು ಹೇಗೋ ಒಪ್ಪಿಕೊಂಡುಬಿಟ್ಟಿದ್ದೆ.

"ಯಾರ ಮುಖವನ್ನೂ ನೋಡ್ಬೇಡಿ, ನೆಲ ನೋಡ್ಕೊಂಡು ಹೋಗಿ ಮಾತಾಡಿ ಬನ್ನಿ" ಎಂದಿದ್ದಳು ಹೆಂಡತಿ. ಹಾಗೆಯೇ ಹೋಗಿ, ಎದುರಿಗೆ ಸಿಕ್ಕ ವೇದಿಕೆ ಹತ್ತಿ, ಕಣ್ಣು ಮುಚ್ಚಿ ಶುರು ಮಾಡಿದೆ. ಮೊದಲು ಪಿಸುದನಿಯಲ್ಲಿ ಮಾತಾಡಿದೆ. ಆಮೇಲೆ ದನಿ ಏರಿತು. ಕೊನೆಗೆ ಮೇಜು ಕುಟ್ಟಿ, "ಮೈಸೂರಿಗೆ ಸೇರಿಯೇ ಸೇರೋಣ!" ಎಂದು ಕೂಗಿದೆ.

ಒಂದು ಚಪ್ಪಾಳೆಯೂ ಇಲ್ಲ. ಕಣ್ಣು ಬಿಟ್ಟು ನೋಡಿದರೆ, ವೇದಿಕೆಯ ಮೇಲೆ ಕಟ್ಟಿದ ಬಟ್ಟೆಯಲ್ಲಿ "ಕೊಡಗು ಪ್ರತ್ಯೇಕವಾಗಿಯೇ ಇರಲಿ" ಎಂದು ಬರೆದಿದೆ. ನಮ್ಮ ಸಭೆ ನಡೆಯುತ್ತಿದ್ದದ್ದು ರಸ್ತೆಯಾಚೆ!

ಏಟು ಬಿತ್ತೆಂದೇ ಎಣಿಸಿದೆ. ಅಧ್ಯಕ್ಷರು ಎದ್ದು ಬಂದು ನನ್ನ ಕೈ ಹಿಡಿದರು.

"ಎಂಥ ಭಾಷಣ ಮಾರಾಯ್ರೇ! ನಿಲ್ಲಿಸ್ಲಿಕ್ಕೆ ಮನಸ್ಸೇ ಬರ್ಲಿಲ್ಲ. ನಾಳೆ ಬಿಟ್ಟಂಗಾಲದಲ್ಲಿ ನಡೆಯೋ ನಮ್ಮ ಸಭೆಗೂ ಬನ್ನಿ. ಇದನ್ನೇ ಹೇಳಿ. 'ಸೇರೋಣ' ಅಂದಲ್ಲೆಲ್ಲ 'ಬೇಡ' ಅಂದ್ರೆ ಸಾಕು."

"ಬರೋದಿಲ್ಲ!" ಎಂದೆ, ಇಡೀ ಸಭೆಗೆ ಕೇಳುವಂತೆ, ಕಣ್ಣು ತೆರೆದುಕೊಂಡೇ.

ಕೊಡಗು ಮೈಸೂರಿಗೆ ಸೇರುತ್ತದೋ ಇಲ್ಲವೋ ಗೊತ್ತಿಲ್ಲ. ನನ್ನ ಭಯವಂತೂ ಇವತ್ತು ನನ್ನನ್ನು ಬಿಟ್ಟು ಎದುರು ಪಕ್ಷ ಸೇರಿತು.