ಸರ್ವರ್ ಬಾಗಿಲಲ್ಲಿ ಭೂತಗನ್ನಡಿ

ನಮ್ಮ ಕಚೇರಿಯಲ್ಲಿ ಸರ್ವರ್ ನೋಡಿಕೊಳ್ಳುತ್ತಿದ್ದವರನ್ನು ನಾವು ಬೆನ್ನ ಹಿಂದೆ ಭೂತಗನ್ನಡಿ ಎನ್ನುತ್ತಿದ್ದೆವು. ಎದುರಿಗೆ ಹೇಳುವ ಧೈರ್ಯ ಯಾರಿಗೂ ಇರಲಿಲ್ಲ. ತಮ್ಮ ನೆರಳನ್ನೂ ಒಮ್ಮೆ ವಿಚಾರಿಸಿಯೇ ಜೊತೆಗೆ ಕರೆದೊಯ್ಯುವ ಮನುಷ್ಯ. ಚಹಾದ ಲೋಟ ಮೇಜಿನ ಮೇಲೆ ಬಿಟ್ಟು ಎದ್ದು ಹೋದರೆ, ಮರಳಿ ಬಂದು ಅದನ್ನು ಕುಡಿಯುತ್ತಿರಲಿಲ್ಲ.

ನಮ್ಮದು ಬಸ್ ಸೀಟು ಕಾಯ್ದಿರಿಸುವ ವೆಬ್‌ಸೈಟು. ನಾನು ಗ್ರಾಹಕರ ಫೋನು ಎತ್ತುವವಳು, ಅಂದರೆ ಎಲ್ಲರ ಪಾಲಿನ ಬೈಗುಳ ತಿನ್ನುವವಳು. ಸೀಟು ಹುಡುಕುವ ಸ್ಕ್ರಿಪ್ಟುಗಳನ್ನು, ಅಂದರೆ ಪುಟ್ಟ ಪ್ರೋಗ್ರಾಮುಗಳನ್ನು, ಹೊಸದಾಗಿ ಬರೆದದ್ದು ಭೂತಗನ್ನಡಿಯವರ ಅಳಿಯ. ಮಗಳು ಮೆಚ್ಚಿ ಮದುವೆಯಾದವನು; ಮಾವ ಇನ್ನೂ ಮೆಚ್ಚಿರಲಿಲ್ಲ. ಅಳಿಯ ಎಂದರೂ ಮಗಳ ಗಂಡ ಎಂದರೂ ಲೋಕಕ್ಕೆಲ್ಲ ಒಂದೇ. ಇವರಿಗೆ ಮಾತ್ರ ಎರಡೂ ಬೇರೆ ಬೇರೆ.

ಆ ಸ್ಕ್ರಿಪ್ಟುಗಳು ಬಂದ ಮೇಲೆ ಗಿರಾಕಿಗಳು ಹೆಚ್ಚಿದರು, ದೂರುಗಳೂ ಹೆಚ್ಚಿದವು. ಒಂದು ಸಲ ಪುಟ ಕಣ್ಣು ಮಿಟುಕಿಸುವುದರೊಳಗೆ ತೆರೆಯುತ್ತದೆ, ಇನ್ನೊಂದು ಸಲ ಸುತ್ತುತ್ತಲೇ ಇರುತ್ತದೆ. ನಾವು ಪರೀಕ್ಷಿಸಲು ಕೂತರೆ ಎಲ್ಲ ಸುಸೂತ್ರ, ವೈದ್ಯರ ಬಾಗಿಲಿಗೆ ಹೋದೊಡನೆ ಮಾಯವಾಗುವ ಹಲ್ಲುನೋವಿನ ಹಾಗೆ.

ಭೂತಗನ್ನಡಿ ಮೊದಲು ನನ್ನ ಮೇಲೇ ಸಂಶಯಪಟ್ಟರು.

"ನಿಜವಾಗ್ಲೂ ಫೋನ್ ಬಂತೇನಮ್ಮ? ಯಾರದು?"

ನನಗೆ ಮೈಯೆಲ್ಲ ಉರಿಯಿತು. "ಇಲ್ಲ ಸಾರ್, ಬೇಜಾರಾಗಿ ನನ್ನನ್ನ ನಾನೇ ಬೈಕೋತಿದ್ದೆ" ಎಂದೆ.

ಆಮೇಲೆ ಕಸ ಗುಡಿಸುವವಳು ಕೇಬಲ್ ಎಳೆದಿರಬಹುದು ಎಂದರು. ಕೊನೆಗೆ ಅಳಿಯನ ಬೆನ್ನ ಹಿಂದೆ ಕುರ್ಚಿ ಹಾಕಿಕೊಂಡು ಕೂತರು. ಅವನು ಒಂದು ಸಾಲು ಟೈಪ್ ಮಾಡಿದರೆ ಇವರದೊಂದು ಕೆಮ್ಮು.

ಮಾಲೀಕರ ತಾಳ್ಮೆ ಮುಗಿಯಿತು. "ಈ ವಾರದೊಳಗೆ ಸರಿಯಾಗ್ಲಿಲ್ಲ ಅಂದ್ರೆ, ಬರೆದೋನು ಮನೆಗೆ ಹೋಗ್ಲಿ" ಎಂದರು. ಬರೆದವನ ಹೆಂಡತಿ ತುಂಬು ಬಸುರಿ. ಭೂತಗನ್ನಡಿ ಮಾತ್ರ, ಇವನ ತಪ್ಪು ಹಿಡಿದೇ ತೀರುತ್ತೇನೆ ಎಂಬಂತೆ, ಸ್ಕ್ರಿಪ್ಟು ಶುರುವಾದಾಗಲೂ ಮುಗಿದಾಗಲೂ ಸಮಯದ ಗುರುತು ಬೀಳುವ ಹಾಗೆ ಬಲೆ ಹಾಕಿದರು.

ಬಲೆಗೆ ಅಳಿಯ ಬೀಳಲಿಲ್ಲ. ಪುಟ ಎಷ್ಟೇ ತಡವಾಗಿರಲಿ, ಸ್ಕ್ರಿಪ್ಟು ಮಾತ್ರ ಚಕ್ಕನೆ ಮುಗಿದಿತ್ತು. ಹೊತ್ತು ಹೋಗುತ್ತಿದ್ದದ್ದು ಅದು ಶುರುವಾಗುವ ಮೊದಲು, ಸರ್ವರಿನ ಬಾಗಿಲಲ್ಲಿ. ಬಾಗಿಲು ಕಾಯುತ್ತಿದ್ದವರು ಭೂತಗನ್ನಡಿಯವರೇ. ಕಳ್ಳರು ನುಗ್ಗಿಯಾರೆಂದು, ಬಂದ ಪ್ರತಿ ಕಂಪ್ಯೂಟರಿನ ವಿಳಾಸ ಹಿಡಿದು ಅದರ ಹೆಸರು ವಿಚಾರಿಸಿಯೇ ಒಳಗೆ ಬಿಡಬೇಕೆಂದು ವರ್ಷಗಳ ಹಿಂದೆ ಸರ್ವರಿಗೆ ಹೇಳಿಟ್ಟಿದ್ದರು. ಆ ಹೆಸರು ಹೇಳಬೇಕಾದದ್ದು ಎಲ್ಲೋ ದೂರದ ಇನ್ನೊಂದು ಕಂಪ್ಯೂಟರು. ಅದು ಬೇಗ ಉತ್ತರ ಕೊಟ್ಟರೆ ಸರಿ. ಸುಮ್ಮನಿದ್ದರೆ ಗಿರಾಕಿ ಹೊಸ್ತಿಲಲ್ಲೇ ನಿಂತಿರಬೇಕು. ನಮ್ಮ ಕಚೇರಿಯ ಕಂಪ್ಯೂಟರುಗಳ ಹೆಸರು ಸರ್ವರಿಗೆ ಮೊದಲೇ ಗೊತ್ತಿದ್ದರಿಂದ ನಾವು ಪರೀಕ್ಷಿಸಿದಾಗ ತಡವಾಗುತ್ತಿರಲಿಲ್ಲ. ಜನ ಕಡಿಮೆಯಿದ್ದಾಗ ಇದು ಯಾರಿಗೂ ತಿಳಿದಿರಲಿಲ್ಲ. ಬೇಲಿಯೇ ಎದ್ದು ಹೊಲ ಮೇಯ್ದಿತ್ತು.

ಹೆಸರು ವಿಚಾರಿಸುವ ಆ ಕಟ್ಟಪ್ಪಣೆಯನ್ನು ಭೂತಗನ್ನಡಿ ಸದ್ದಿಲ್ಲದೆ ತೆಗೆದುಹಾಕಿ ಕೂರಬಹುದಿತ್ತು. ಆಗ ತಪ್ಪು ಅಳಿಯನ ತಲೆಯ ಮೇಲೇ ಉಳಿಯುತ್ತಿತ್ತು. ಅವರು ಎದ್ದು ನೇರ ಮಾಲೀಕರ ಕೋಣೆಗೆ ಹೋದರು. ಬಾಗಿಲು ತೆರೆದಿತ್ತು, ನಾನೇನು ಕಿವಿ ಮುಚ್ಚಿಕೊಳ್ಳುವವಳಲ್ಲ.

"ತಪ್ಪು ನಂದು ಸಾರ್."

ಮಾಲೀಕರು ನಕ್ಕರು. "ಮಗಳು ಅತ್ಲಾ? ಅಳಿಯನ್ನ ಉಳಿಸ್ಕೊಳ್ಳೋಕೆ ಬಂದಿದ್ದೀರಿ."

"ನಾನಾ? ಅವನನ್ನಾ?"

"ಇರ್ಲಿ ಬಿಡಿ. ಹೆಣ್ಣು ಹೆತ್ತವರ ಕಷ್ಟ ನಂಗೂ ಗೊತ್ತು."

ಜೀವಮಾನವಿಡೀ ಯಾರನ್ನೂ ನಂಬದಿದ್ದ ಮನುಷ್ಯ, ಇದ್ದದ್ದನ್ನು ಇದ್ದ ಹಾಗೆ ಹೇಳಲು ಹೋಗಿ ಸುಳ್ಳುಗಾರನಂತೆ ನಿಂತಿದ್ದರು. ನನಗೆ ಮೊದಲು ನಗು ಬಂತು, ಆಮೇಲೆ ಅಯ್ಯೋ ಪಾಪ ಎನಿಸಿತು.

ಅವರು ಅಲ್ಲೇ ತಮ್ಮ ಮೇಲೆ ತಾವೇ ಸಾಕ್ಷಿ ಹೇಳತೊಡಗಿದರು. ಹೊರಗಿನ ಗಿರಾಕಿಯಂತೆ ತಮ್ಮ ಮೊಬೈಲಿನಲ್ಲಿ ಪುಟ ತೆರೆದರು. ಹೆಸರು ಕೇಳುವುದನ್ನು ಹಾಕಿದರು, ಪುಟ ತೆವಳಿತು, ತೆಗೆದರು, ಓಡಿತು.

"ಇದನ್ನೂ ನೀವೇ ಹೊಂದಿಸಿಟ್ಟಿರಬಹುದಲ್ಲ?" ಎಂದರು ಮಾಲೀಕರು.

ಭೂತಗನ್ನಡಿ ಕೀಬೋರ್ಡನ್ನು ಮಾಲೀಕರತ್ತ ತಳ್ಳಿ, "ನನ್ನನ್ನ ನಂಬಬೇಡಿ ಸಾರ್, ನೀವೇ ಮಾಡಿ ನೋಡಿ" ಎಂದರು. ಮಾಲೀಕರು ಹಾಕಿ ತೆಗೆದು, ಮತ್ತೆ ಹಾಕಿ ತೆಗೆದು ನೋಡಿದರು. ಆಮೇಲೆ ನಗಲಿಲ್ಲ.

ಅಳಿಯನ ಕೆಲಸ ಉಳಿಯಿತು. ಇನ್ನು ಮೇಲೆ ಸರ್ವರನ್ನೂ ಅವನೇ ನೋಡಿಕೊಳ್ಳಲಿ ಎಂದು ತೀರ್ಮಾನವಾಯಿತು. ಅವನು ಸಂಕೋಚದಿಂದ ಮಾವನ ಮೇಜಿನ ಬಳಿ ಬಂದು ನಿಂತ.

"ಪಾಸ್‌ವರ್ಡ್ ನಿಮ್ಮ ಹತ್ರಾನೇ ಇರ್ಲಿ ಮಾವ. ಬೇಕಾದಾಗ ನೀವೇ ಹಾಕ್ಕೊಡಿ."

ಅವರು ಅವನನ್ನು ಮೇಲಿಂದ ಕೆಳಗೆ ನೋಡಿದರು. ಕುರ್ಚಿಯಿಂದ ಎದ್ದು ಅವನನ್ನು ಕೂರಿಸಿದರು.

"ಈಗ್ಲೇ ಬದಲಾಯಿಸಿ. ಹೊಸದು ಯಾರಿಗೂ ಹೇಳ್ಬೇಡಿ" ಎಂದರು. ಸ್ವಲ್ಪ ತಡೆದು, "ನನಗೂ" ಎಂದು ಗೋಡೆಯ ಕಡೆ ಮುಖ ತಿರುಗಿಸಿ ನಿಂತುಕೊಂಡರು.